ಕಳಶ ಹಿಡಿಯುವವಳು ಕಪ್ಪಾಗಬಾರದಂತೆ

ಫೆಬ್ರುವರಿಯ ಶಾಲಾ ರಜೆಗೆ ಡಬ್ಲಿನ್‌ನ ಟಾಲಾದಿಂದ ನಾನು, ಹದಿಮೂರರ ಮಗಳು ನಿಧಿ, ಪಕ್ಕದ ಕ್ಲಾಂಡಾಲ್ಕಿನ್‌ನಲ್ಲಿರುವ ನನ್ನ ಗಂಡನ ಅಕ್ಕ ಶೈಲಜಾ ಕೋಸ್ಟರಿಕಾಕ್ಕೆ ಹೊರಟೆವು. ಗಂಡನಿಗೆ ರಜೆ ಸಿಗಲಿಲ್ಲ. ಡಬ್ಲಿನ್‌ನಿಂದ ಮ್ಯಾಡ್ರಿಡ್, ಅಲ್ಲಿಂದ ಹನ್ನೊಂದು ಗಂಟೆ ಹಾರಿ ಸ್ಯಾನ್ ಹೊಸೆ. ಮರುದಿನ ತಲೆಗೆ ಅರವತ್ತು ಡಾಲರ್ ಕೊಟ್ಟು, ವ್ಯಾನಿನಲ್ಲಿ ಐದು ಗಂಟೆ ಕುಲುಕಾಡಿ ಟಮರಿಂಡೊ ತಲುಪಿದಾಗ ಮೂವತ್ನಾಲ್ಕು ಡಿಗ್ರಿ ಬಿಸಿಲು.

ಊರೆಂದರೆ ಒಂದೇ ಬೀದಿ, ಪಕ್ಕದಲ್ಲಿ ಪೆಸಿಫಿಕ್ ಸಾಗರ. ಬರಿಗಾಲಿನ ಜನ ಸರ್ಫಿಂಗ್ ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡೇ ಸ್ಕೂಟರ್ ಓಡಿಸುತ್ತಿದ್ದರು. ಬೆಳಗಿನ ತಿಂಡಿಗೆ ಅನ್ನಕ್ಕೆ ಕಪ್ಪು ಕಾಳು ಸೇರಿಸಿ ಹುರಿದ ಚಿತ್ರಾನ್ನದಂಥದ್ದು. ಅಕ್ಕ ಅದಕ್ಕೂ ಚಟ್ನಿಪುಡಿ ಉದುರಿಸಿಕೊಂಡರು.

ನಾವು ಹೋದದ್ದು ನಿಧಿಗಾಗಿ. ಅಲೆಯ ಮೇಲೆ ಒಮ್ಮೆ ನಿಲ್ಲಬೇಕೆಂದು ವರ್ಷವಿಡೀ ಪ್ರತಿ ಶನಿವಾರ ಈಜು ಕಲಿತಿದ್ದಳು. ಮೂರು ದಿನದ ಪಾಠ ಗೊತ್ತುಮಾಡಿದ್ದೆವು. ಕಲಿಸುವವಳು ಮಾರಿಸೋಲ್, ಎಣ್ಣೆಗಪ್ಪಿನ ಗಟ್ಟಿಮುಟ್ಟು ಹೆಂಗಸು. ಮೊದಲ ದಿನ ಅರ್ಧ ಗಂಟೆಯಾಗಿತ್ತಷ್ಟೇ, ಅಕ್ಕ ನಿಧಿಯನ್ನು ನೀರಿನಿಂದ ಕರೆಸಿದರು.

"ಮುಂದಿನ ತಿಂಗಳೇ ಮೈಸೂರಲ್ಲಿ ನನ್ನ ಮಗಳ ಮದುವೆ ಇದೆ. ಇವಳೇ ಕಳಶ ಹಿಡಿಯೋಳು, ಎಲ್ಲಾ ಫೋಟೋದಲ್ಲೂ ಮದುಮಗಳ ಪಕ್ಕದಲ್ಲೇ ಇರ್ತಾಳೆ. ಆ ಟೀಚರ್ನ ನೋಡು, ಸುಟ್ಟ ಬದನೆಕಾಯಿ ಥರ ಇದಾಳೆ. ಇವಳೂ ಹಂಗಾಗ್ಬೇಕಾ?"

ಕನ್ನಡ ತಿಳಿಯದ ಮಾರಿಸೋಲ್ ನಗುತ್ತಲೇ ನಿಂತಿದ್ದಳು. ನನ್ನ ಮೈ ಉರಿದುಹೋಯಿತು. ಆದರೂ ದೊಡ್ಡವರು, ಮದುವೆ ಮನೆಯವರು ಎಂದು ಸುಮ್ಮನಾದೆ. ನನ್ನ ಬಾಯಿಗೆ ಏನು ಬಡಿದಿತ್ತೋ.

ಎರಡನೆಯ ದಿನ ಅಕ್ಕನ ಚೀಲದಿಂದ ಕಡಲೆಹಿಟ್ಟು ಹೊರಬಂತು. ಮುಖಕ್ಕೆ ಅದನ್ನು ಬಳಿಸಿಕೊಂಡು, ತೊಳೆದು, ತುಂಬುತೋಳಿನ ಅಂಗಿ ತೊಟ್ಟು ನಿಧಿ ಬಾದಾಮಿ ಮರದ ಕೆಳಗೆ ಕೂತಳು. ಅವಳ ವಯಸ್ಸಿನ ಮಕ್ಕಳೆಲ್ಲ ಬಿದ್ದು, ಎದ್ದು, ಕೇಕೆ ಹಾಕುತ್ತಿದ್ದರು. ಅವಳ ಕ್ಲಾಸಿನ ಐರಿಶ್ ಹುಡುಗಿಯರು ಮೈ ಕಂದಾಗಲೆಂದು ಬಾಟಲಿಯ ಬಣ್ಣ ಹಚ್ಚಿಕೊಳ್ಳುತ್ತಾರೆ. ನಮ್ಮವಳು ಇದ್ದ ಬಣ್ಣವನ್ನು ನೆರಳಿನಲ್ಲಿ ಬಚ್ಚಿಡಬೇಕು. ಇದೆಂಥ ದರಿದ್ರ ಬುದ್ಧಿ ನಮ್ಮದು.

ಮೂರನೆಯ ಬೆಳಿಗ್ಗೆ ತಡೆಯಲಾಗಲಿಲ್ಲ. "ಅಕ್ಕಾ, ಮದುವೆ ನಿಮ್ಮ ಮಗಳದ್ದು, ಮೈಬಣ್ಣ ನನ್ನ ಮಗಳದ್ದು. ಇವತ್ತು ಅವಳು ನೀರಿಗಿಳೀತಾಳೆ."

"ಬೀಗರು ಏನಾದ್ರೂ ಅಂದ್ರೆ ನೀನೇ ಉತ್ತರ ಕೊಡು."

"ಕೊಡ್ತೀನಿ. ಕಳಶಕ್ಕೆ ಬೇರೆಯವರು ಬೇಕಿದ್ರೆ ಹುಡುಕ್ಕೊಳ್ಳಿ."

ಅಕ್ಕ ಮುಖ ತಿರುಗಿಸಿದರು. ನಾನು ಗೆದ್ದವಳಂತೆ ಮರದತ್ತ ನಡೆದೆ. ಮಾರಿಸೋಲ್ ಆಗಲೇ ಬೋರ್ಡ್ ಹಿಡಿದು ಕಾಯುತ್ತಿದ್ದಳು. "ಏಳು ನಿಧಿ, ಅತ್ತೆಗೆ ಹೇಳಿದೀನಿ. ಹೋಗು."

ನಿಧಿ ಡಬ್ಲಿನ್‌ನಲ್ಲಿ ಹುಟ್ಟಿದವಳು. ನಾನು ಕನ್ನಡದಲ್ಲಿ ಏನೇ ಕೇಳಿದರೂ ಇಂಗ್ಲಿಷ್‌ನಲ್ಲೇ ಉತ್ತರ. "ಐ ಆ್ಯಮ್ ಗ್ರ್ಯಾಂಡ್ ಹಿಯರ್," ಎಂದಳು, ಇಲ್ಲೇ ಆರಾಮಾಗಿದ್ದೇನೆ ಎನ್ನುವ ಐರಿಶ್ ಧಾಟಿಯಲ್ಲಿ. ನಾನು ಕೈ ಹಿಡಿದೆಳೆದೆ. ಅವಳು ಕೈ ಬಿಡಿಸಿಕೊಂಡು, ಮಾರಿಸೋಲ್‌ಗೆ ಅರ್ಥವಾಗದಿರಲೆಂದು, ತಗ್ಗಿದ ದನಿಯಲ್ಲಿ, ಒಂದು ತಪ್ಪೂ ಇಲ್ಲದ ಕನ್ನಡದಲ್ಲಿ ಹೇಳಿದಳು:

"ಬೇಡಮ್ಮ. ಅವಳ ಥರ ಆಗ್ಬಿಡ್ತೀನಿ."