ಮುಚ್ಚಳ ಮುಟ್ಬೇಡಿ

ಅವರ ಬಲಗಿವಿಯ ಅಂಚು ಸದಾ ಕಪ್ಪಾಗಿರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಸದ್ದು ಕೇಳುತ್ತ ಕೂರುವುದು ಅವರ ಪದ್ಧತಿ. ಎಷ್ಟೋ ವರ್ಷಗಳ ಗ್ರೀಸು ಆ ಕಿವಿಯಲ್ಲಿ ಮನೆ ಮಾಡಿತ್ತು, ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಹಲಸೂರಿನ ಗಲ್ಲಿಯೊಂದರಲ್ಲಿ ತಗಡಿನ ಶೆಡ್ಡಿನ ಗ್ಯಾರೇಜು, ನೀಲಿ ಗೋಡೆ, ಗೋಡೆಯ ಮೇಲೆ ಬುದ್ಧನ ಪಟ. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಆಯುಧಪೂಜೆಯ ದಿನ ಇಡೀ ಗಲ್ಲಿ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದರೆ, ಅವರು ಮಾತ್ರ ಸ್ಪ್ಯಾನರುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹರವುತ್ತಿದ್ದರಂತೆ. ಯಾರಾದರೂ ಕೆಣಕಿದರೆ, "ನಂದು ಮುಗೀತು, ನಿಮ್ದು ನೋಡ್ಕಳಿ" ಎನ್ನುವರು. ಹಟಮಾರಿ ಎಂಬ ಹೆಸರು ಅವರಿಗೆ ಸುಮ್ಮನೆ ಬಂದಿರಲಿಲ್ಲ.

ನಾನು ಅವರ ಬಳಿ ಹೋದದ್ದೂ ಹಟದಿಂದಲೇ. ಅಪ್ಪ ಕಾರ್ಖಾನೆಗೆ ಓಡಿಸುತ್ತಿದ್ದ ಮೋಟಾರ್‌ಸೈಕಲ್ಲನ್ನು ಅಪ್ಪ ಹೋದ ಮೇಲೆ ನಾನು ಇಟ್ಟುಕೊಂಡಿದ್ದೆ. ಹೊಸ ತಿಪ್ಪಸಂದ್ರದ ನಮ್ಮ ಬೀದಿಯಲ್ಲಿ ಹೆಂಗಸೊಬ್ಬಳು ಅದನ್ನು ಕಿಕ್ ಮಾಡುವುದನ್ನು ನೋಡಲು ತರಕಾರಿಯವರು ತೂಗುವುದನ್ನೇ ನಿಲ್ಲಿಸುತ್ತಿದ್ದರು. ನೋಡಲಿ ಎಂದು ನಾನು ಇನ್ನೊಂದು ಸಲ ಆಕ್ಸಿಲರೇಟರ್ ತಿರುವುತ್ತಿದ್ದೆ. ಆದರೆ ಆ ವರ್ಷ ದಸರಾ ಕಳೆದ ಮೇಲೆ ಗಾಡಿ ಕೈಕೊಡಲು ಶುರುಮಾಡಿತು. ಏಳೆಂಟು ಕಿಲೋಮೀಟರ್ ಓಡಿ, ಕೆಮ್ಮಿ, ನಿಂತುಬಿಡುವುದು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುವುದು. ಮೂರು ಗ್ಯಾರೇಜು ಸುತ್ತಿದೆ. ಒಬ್ಬರು ಪ್ಲಗ್ ಬದಲಾಯಿಸಿದರು, ಇನ್ನೊಬ್ಬರು ಕಾಯಿಲ್, ಮತ್ತೊಬ್ಬರು ಕಾರ್ಬ್ಯುರೇಟರನ್ನೇ. ಗಾಡಿ ಮಾತ್ರ ನಿಲ್ಲುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಅಣ್ಣ ಶಿವಾಜಿನಗರದ ಗುಜರಿಯವನಿಗೆ ಭಾನುವಾರ ಬರಲು ಹೇಳಿದ. "ಎಲೆಕ್ಟ್ರಿಕ್ ಸ್ಕೂಟರ್ ತಗೋ. ಅಪ್ಪನ ಗಾಡಿ ಅಪ್ಪನ ಜೊತೆನೇ ಹೋಯ್ತು ಅನ್ಕೋ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಶುಕ್ರವಾರ ಬೆಳಿಗ್ಗೆ ಹಲಸೂರಿಗೆ ಹೋದೆ. "ಏನೇನ್ ಬದ್ಲಾಯಿಸ್ಬೇಕೋ ಎಲ್ಲಾ ಬದ್ಲಾಯಿಸ್ಬಿಡಿ ಮೇಸ್ತ್ರಿ" ಎಂದೆ.

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಪಾರ್ಟ್ ಬದ್ಲಾಯ್ಸೋಕೆ ನಾನ್ಯಾಕೆ ಬೇಕು ಮೇಡಂ? ಕಾಯ್ಲೆ ಹುಡುಕ್ಬೇಕು ಅಂದ್ರೆ ಗಾಡಿ ಬಿಡಿ. ಇಲ್ಲ ಅಂದ್ರೆ ಬೇರೆ ಕಡೆ ಹೋಗಿ."

ಬಿಟ್ಟೆ. ಬಹಳ ಹೊತ್ತು ಇಂಜಿನ್ನಿಗೆ ಕಿವಿಗೊಟ್ಟರು. "ಇಂಜಿನ್ ಕಲ್ಲಿದ್ದಂಗಿದೆ" ಎಂದರು. ಆಮೇಲೆ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು: "ಗಾಡಿ ನಿಂತ ತಕ್ಷಣ ನೀವು ಮೊದ್ಲು ಏನ್ ಮಾಡ್ತೀರ?"

"ಟ್ಯಾಂಕ್ ಮುಚ್ಚಳ ತೆಗ್ದು ಪೆಟ್ರೋಲ್ ಇದ್ಯಾ ನೋಡ್ತೀನಿ."

"ಪ್ರತೀ ಸಲಾನಾ?"

"ಪ್ರತೀ ಸಲ."

ಕಪ್ಪು ಕಿವಿ ತುರಿಸಿಕೊಂಡರು. "ನಡೀರಿ. ನೀವೇ ಓಡ್ಸಿ, ನಾನ್ ಹಿಂದೆ ಕೂತ್ಕತೀನಿ."

ಬಿಳಿಗೂದಲ ಮೇಸ್ತ್ರಿಯನ್ನು ಹಿಂದೆ ಕೂರಿಸಿಕೊಂಡು ಹಳೇ ಮದ್ರಾಸ್ ರಸ್ತೆಗೆ ಇಳಿದೆ. ನಕ್ಕವರು ನಕ್ಕರು. ಟಿನ್ ಫ್ಯಾಕ್ಟರಿ ಹತ್ತಿರ, ಬಸ್ಸುಗಳು ಒಂದಕ್ಕೊಂದು ಉಜ್ಜಿಕೊಂಡು ನಿಂತಿರುವ ಜಾಗದಲ್ಲೇ, ಗಾಡಿ ಕೆಮ್ಮಿ ನಿಂತಿತು. ತಳ್ಳಿಕೊಂಡು ಅಂಚಿಗೆ ತಂದೆ. ನನ್ನ ಕೈ ತಾನಾಗಿಯೇ ಟ್ಯಾಂಕಿನತ್ತ ಹೋಯಿತು.

"ಮುಚ್ಚಳ ಮುಟ್ಬೇಡಿ!"

ಕಿಕ್ ಹೊಡೆಯಲು ಹೇಳಿದರು. ಹತ್ತು ಸಲ ಹೊಡೆದೆ, ಜೀವವಿಲ್ಲ. ಟ್ರಾಫಿಕ್ ಪೊಲೀಸರು ಸೀಟಿ ಊದುತ್ತ ಬಂದು, "ಇನ್ನೂ ಸೈಡಿಗ್ ತಗೊಳ್ರೀ" ಎಂದು ಗದರಿದರು. ಮೇಸ್ತ್ರಿ ತಲೆ ಕೂಡ ಎತ್ತಲಿಲ್ಲ. "ಒಂದ್ನಿಮ್ಷ ಸಾರ್, ರೋಗಿ ಈಗ ಬಾಯಿ ಬಿಡ್ತೈತೆ." ಮುಚ್ಚಳಕ್ಕೆ ಕಿವಿ ಹಚ್ಚಿ, "ಈಗ ತೆಗೀರಿ" ಎಂದರು. ತೆಗೆದೆ. ಸುಸ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ಒಂದೇ ಕಿಕ್ಕಿಗೆ ಇಂಜಿನ್ ಎದ್ದಿತು.

ಪೆಟ್ರೋಲ್ ಇಳಿಯಬೇಕಾದರೆ ಒಳಗೆ ಗಾಳಿ ಹೋಗಬೇಕು, ಅದಕ್ಕೆಂದೇ ಮುಚ್ಚಳದಲ್ಲೊಂದು ಸಣ್ಣ ತೂತಿರುತ್ತದೆ. ಅದು ಮುಚ್ಚಿಹೋಗಿತ್ತು. ನಾನೂ ಗ್ಯಾರೇಜಿನವರೂ ಮೊದಲು ಮುಚ್ಚಳ ತೆಗೆಯುತ್ತಿದ್ದೆವು, ಗಾಳಿ ಒಳಹೋಗಿ ರೋಗ ಮಾಯವಾಗುತ್ತಿತ್ತು. ಮೇಸ್ತ್ರಿ ಉಗುರಿನಿಂದ ಕೆರೆದು, ತಂತಿ ಚುಚ್ಚಿದರು. ಒಣಗಿದ ಗಂಧ, ಕುಂಕುಮ ಪುಡಿಪುಡಿಯಾಗಿ ಉದುರಿತು.

"ಪೂಜೆ ಯಾರು ಮಾಡಿದ್ದು?"

"ಅಮ್ಮ." ಅಪ್ಪನಿಲ್ಲದ ಮೊದಲ ಆಯುಧಪೂಜೆ ಅದು. ಅಪ್ಪ ಕೈಯಿಡುತ್ತಿದ್ದ ಕಡೆಯಲ್ಲೆಲ್ಲ ಅಮ್ಮ ಅಳುತ್ತಾ ಗಂಧ ಮೆತ್ತಿದ್ದಳು. ಅದನ್ನೂ ಹೇಳಿದೆ. ಅವರು ಮುಚ್ಚಳವನ್ನು ಮತ್ತೆ ಹಾಕಿದರು.

ನನ್ನೊಂದಿಗೆ ಮನೆಯವರೆಗೂ ಬಂದರು. ಗೇಟಿನಲ್ಲಿ ನಿಂತಿದ್ದ ಅಮ್ಮ, "ಏನಾಗಿತ್ತಂತೆ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಹೇಳಿದರು: "ಧೂಳು ಕಣಮ್ಮಾ. ಮುಚ್ಚಳದ ತೂತಲ್ಲಿ ಕೂತಿತ್ತು."

ಗಾಡಿಯ ವಿಷಯದಲ್ಲಿ ಯಾರ ಮುಲಾಜಿಗೂ ಬೀಳದ ಮನುಷ್ಯ, ನನಗೆ ತಿಳಿದಂತೆ, ಹೇಳಿದ ಒಂದೇ ಸುಳ್ಳು ಅದು. ಹೊರಡುವಾಗ ನನಗೆ ಮೆತ್ತಗೆ ಅಂದರು: "ಮುಂದಿನ್ ಸಲ ಕುಂಕುಮ ಹೆಡ್‌ಲೈಟಿಗೆ ಇಡೋಕೆ ಹೇಳಿ. ಪೂಜೆ ಬೇಡ ಅನ್ಬೇಡಿ."

ಭಾನುವಾರ ಗುಜರಿಯವನು ಬಂದಾಗ, ಅಣ್ಣನ ಕಣ್ಣೆದುರೇ ಬೀದಿಯಲ್ಲಿ ಮೂರು ಸುತ್ತು ಹೊಡೆದೆ. ಒಂದು ಸುತ್ತು ಸಾಕಿತ್ತು, ಉಳಿದೆರಡು ನನ್ನ ಖುಷಿಗೆ. ಗುಜರಿಯವನು ಟೀ ಕುಡಿದು, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಹೋದ.

ಈ ವರ್ಷ ಮೇಸ್ತ್ರಿ ತೀರಿಕೊಂಡರು. ವಾರದ ಜ್ವರ, ಅಷ್ಟೆ. ಅಂತಿಮಯಾತ್ರೆಯ ವ್ಯಾನಿನ ಹಿಂದೆ ನಾನು ಆ ಗಾಡಿಯಲ್ಲೇ ಹೋದೆ. ಅವರಿಂದ ನನಗಾದ ಉಪಕಾರ ಗಾಡಿಯೊಂದೇ ಅಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು, ಹೆಲ್ಮೆಟ್ಟಿನೊಳಗೆ ಅತ್ತೆ.

ಮೊನ್ನೆ ಆಯುಧಪೂಜೆ. ಅಮ್ಮ ಗಂಧದ ಬಟ್ಟಲು ಹಿಡಿದು ಬಂದಳು. ಬಾಗಿಲಲ್ಲಿ ನಿಂತಿದ್ದ ಅಣ್ಣ, "ಇನ್ನೂ ಎಷ್ಟ್ ವರ್ಷ ಇಟ್ಕೋತೀರ ಇದನ್ನ?" ಎಂದ.

"ನೀನು ಕೇಳೋದು ನಿಲ್ಸೋ ತನಕ" ಎಂದು ಅಮ್ಮ ಹೆಡ್‌ಲೈಟಿಗೆ ಕುಂಕುಮ ಇಟ್ಟಳು. ಟ್ಯಾಂಕಿನ ಹತ್ತಿರ ಬಂದವಳು ಮುಚ್ಚಳವನ್ನು ಸೆರಗಿನಿಂದ ಒರೆಸಿ, ತೂತನ್ನು ಬಗ್ಗಿ ನೋಡಿ, ಕೈ ಹಿಂದಕ್ಕೆ ತೆಗೆದಳು.

"ಧೂಳಲ್ಲ ಅಂತ ನಂಗೆ ಅವತ್ತೇ ಗೊತ್ತಾಯ್ತು ಕಣೆ" ಎಂದಳು. "ಅವರ ಉಗುರಲ್ಲಿ ಕುಂಕುಮ ಇತ್ತು."