ಬುತ್ತಿಯ ಜೊತೆ ಬಂದ ನೀರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ. ಸಿಟ್ಟು ಬರಬೇಕಾದ ಕಡೆಯೂ ತಣ್ಣಗೆ ಕೂತು ಚಹಾ ಕುಡಿಯುವವರನ್ನು ವಿಶ್ವವಿದ್ಯಾಲಯದಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಕೆಲವರು ನನಗೆ ಪಾಠ ಹೇಳಿದವರು.

ನಾನು ಓದಲು ಹೋದದ್ದು ಪರಿಸರ ನಿರ್ವಹಣೆ. ಊರಲ್ಲಿ ಯಾರಾದರೂ ಕೇಳಿದರೆ ಹಾಗೆಂದೇ ಹೇಳುತ್ತಿದ್ದೆ. "ಅಂದ್ರ ಗಿಡಾ ಹಚ್ಚೂದೇನು?" ಎನ್ನುತ್ತಿದ್ದರು. ಅಲ್ಲ ಎಂದು ತಿಳಿಸಿ ಹೇಳಲು ಅರ್ಧ ತಾಸು ಬೇಕು. ಹಾಗಾಗಿ ಹೌದು ಎಂದು ಮುಂದೆ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ನಾನು ಆ ಕೋರ್ಸಿಗೆ ಸೇರಿದ್ದು ಗಿಡಕ್ಕಾಗಿ ಅಲ್ಲ, ಒಂದು ಬಾವಿಗಾಗಿ.

ನಮ್ಮೂರು ರಾಮದುರ್ಗ ತಾಲ್ಲೂಕಿನದು. ಸುರೇಬಾನದಲ್ಲಿ ಬಸ್ಸು ಇಳಿದು ಒಳಗೆ ನಡೆಯಬೇಕು. ಮನೆಯ ಹಿಂದೆ ಹಳ್ಳ, ಹಳ್ಳದ ದಂಡೆಗೆ ಬಾವಿ. ನಾನು ಹೈಸ್ಕೂಲಿನಲ್ಲಿದ್ದಾಗ ಹಳ್ಳದ ಮೇಲುಗಡೆ ಒಂದು ಸಕ್ಕರೆ ಕಾರ್ಖಾನೆ ಬಂತು. ಕಬ್ಬು ದೂರ ಸಾಗಿಸುವುದು ತಪ್ಪಿತಲ್ಲ ಎಂದು ಊರೆಲ್ಲ ಖುಷಿಪಟ್ಟಿತು, ನಮ್ಮ ಅಪ್ಪನೂ ಪೇಢೆ ಹಂಚಿದ. ಕಾರ್ಖಾನೆಯ ಹೊಲಸು ಹಳ್ಳಕ್ಕಿಳಿದು, ಕಬ್ಬು ನುರಿಸುವ ಎರಡನೆಯ ಹಂಗಾಮಿಗೆ ಬಾವಿಯ ನೀರು ಚಹಾದ ಬಣ್ಣಕ್ಕೆ ತಿರುಗಿತು. ಕೊಳೆತ ಬೆಲ್ಲದ ವಾಸನೆ. ಎಮ್ಮೆ ಮೂತಿ ಇಟ್ಟು ಹಿಂದೆ ಸರಿಯುತ್ತಿತ್ತು. ಆದರೂ ನಳ ವಾರಕ್ಕೊಮ್ಮೆ ಬಂದರೆ ಬಂತು ಎನ್ನುವ ಊರಲ್ಲಿ ಮೈಗೆ, ಬಟ್ಟೆಗೆ, ದನಕ್ಕೆ ಅದೇ ನೀರು ಗತಿ. ನಮ್ಮ ಓಣಿಯ ಮಕ್ಕಳ ಮೊಣಕಾಲು ಮೊಣಕೈ ನೋಡಿದರೆ ಗೊತ್ತಾಗುತ್ತಿತ್ತು, ತುರಿಸಿ ತುರಿಸಿ ಗಾಯ.

ಓದಿ ದೊಡ್ಡವಳಾಗಿ ಆ ನೀರಲ್ಲಿ ಏನಿದೆ ಎಂದು ಕಾಗದದ ಮೇಲೆ ಬರೆದು ಅವರ ಮುಖಕ್ಕೆ ಹಿಡಿಯುತ್ತೇನೆ ಎಂದು ಆಗಲೇ ಹಲ್ಲು ಕಚ್ಚಿದ್ದೆ.

ನಮ್ಮ ವಿಭಾಗದ ಕತೆಯನ್ನೂ ಹೇಳಿಬಿಡುತ್ತೇನೆ. ಮೊದಲ ವರ್ಷ ಹೊಗೆ ಧೂಳಿನ ಅಧ್ಯಯನ ಎಂದು ನಮ್ಮನ್ನು ಕಿತ್ತೂರಿನ ಹೆದ್ದಾರಿಗೆ ಕರೆದುಕೊಂಡು ಹೋದರು. ಲಾರಿ ಎಣಿಸಬೇಕಿತ್ತು. ಸರ್ ಹೋಟೆಲಿನಲ್ಲಿ ಕೂತು ಮಿರ್ಚಿ ತಿಂದರು. ನಾವು ಒಂದು ತಾಸು ಎಣಿಸಿದೆವು. "ಸಾಕ ಬಿಡ್ರಿ, ಇದನ್ನ ಇಪ್ಪತ್ನಾಕರಲೆ ಗುಣಿಸ್ರಿ" ಎಂದರು. ಗುಣಿಸಿದೆವು. ಅದಕ್ಕೆ ಒಳ್ಳೆಯ ಅಂಕವೂ ಬಂತು. ಅವತ್ತು ನಾನೂ ನಕ್ಕಿದ್ದೆ. ಅದು ನೆನಪಾದರೆ ಈಗ ಮೈ ಉರಿಯುತ್ತದೆ.

ಎರಡನೆಯ ವರ್ಷ ಪ್ರಾಜೆಕ್ಟ್. ಮಿರ್ಚಿ ತಿಂದ ಸರ್ರೇ ನನ್ನ ಗೈಡ್. ಹನ್ನೆರಡು ವಾರ, ವಾರಕ್ಕೊಮ್ಮೆ ನಮ್ಮ ಬಾವಿಯ ನೀರು ತಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತೇನೆ ಎಂದೆ. ಕಾರ್ಖಾನೆಯನ್ನು ಇನ್ನೊಂದರಷ್ಟು ದೊಡ್ಡದು ಮಾಡುವ ಸುದ್ದಿ ಆಗಲೇ ಎದ್ದಿತ್ತು. ಅದಕ್ಕೆ ಮೊದಲು ಜನರ ಅಹವಾಲು ಕೇಳುವ ಸಭೆ ನಡೆಯಬೇಕು. ಆ ಸಭೆಯಲ್ಲಿ ನನ್ನ ವರದಿ ಇದ್ದರೆ ಬಾವಿ ಉಳಿಯಬಹುದು, ಇಲ್ಲದಿದ್ದರೆ ಅದರ ಕತೆ ಮುಗಿದಂತೆ. ಸರ್‌ಗೆ ಇದನ್ನೆಲ್ಲ ಹೇಳಿದೆ. "ಮಾಡವಾ, ಛಲೋ ಐತಿ" ಎಂದರು. ಒಮ್ಮೆ ಬಂದು ಜಾಗ ನೋಡಿ ಎಂದೆ. ಹಳ್ಳದ ದಾರಿಯಲ್ಲಿ ಕಾರು ಹೋಗುವುದಿಲ್ಲವಂತೆ.

ಅವರನ್ನು ಬೈಯುತ್ತಿದ್ದೇನಲ್ಲ, ನಾನಾದರೂ ಹೋದೆನೇ? ಇಲ್ಲ. ಊರಿಗೆ ಹೋಗಿ ಬರಲು ಒಂದು ದಿನ ಬೇಕು. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ನಮ್ಮ ಕಡೆ ಊರಿಂದ ಶಹರಕ್ಕೆ ಓದಲು ಹೋದವರಿಗೆ ಬಸ್ಸಿನಲ್ಲಿ ಬುತ್ತಿ ಬರುತ್ತದೆ. ಮನೆಯವರು ಬೆಳಗಿನ ಬಸ್ಸಿಗೆ ಡಬ್ಬಿ ಇಡುತ್ತಾರೆ, ನಾವು ನಿಲ್ದಾಣದಲ್ಲಿ ಇಳಿಸಿಕೊಳ್ಳುತ್ತೇವೆ. ನನ್ನ ಬುತ್ತಿಯೂ ಸವದತ್ತಿ ದಾಟಿ ಹಾಗೇ ಬರುತ್ತಿತ್ತು. ಅವ್ವನಿಗೆ ಫೋನ್ ಮಾಡಿದೆ. "ಅವ್ವಾ, ಸೋಮವಾರಕ್ಕೊಮ್ಮೆ ಬುತ್ತಿ ಜೋಡಿ ಒಂದು ಬಾಟ್ಲಿ ಬಾವಿ ನೀರು ತುಂಬಿ ಇಡು. ಸಾಲ್ಯಾಗ ನೋಡೂದೈತಿ."

"ಹೂಂ ತಗೋ, ಅದೇನ ದೊಡ್ಡ ಕೆಲಸ" ಎಂದಳು ಅವ್ವ.

ಹೀಗೆ ಹನ್ನೆರಡು ಸೋಮವಾರ ಜೋಳದ ರೊಟ್ಟಿ, ಬದನೆಕಾಯಿ ಪಲ್ಲೆ, ಶೇಂಗಾ ಚಟ್ನಿಯ ಜೊತೆ ನೀರು ಬಂತು. ಹನ್ನೆರಡು ಫಾರ್ಮು ತುಂಬಿದೆ. ಫಾರ್ಮಿನಲ್ಲಿ "ಮಾದರಿ ಸಂಗ್ರಹಿಸಿದವರು" ಎಂಬ ಸಾಲಿದೆ. ಸಂಗ್ರಹಿಸಿದವರು ಬಾವಿಯ ಹತ್ತಿರ ನಿಂತು ಸಹಿ ಮಾಡಬೇಕು ಎಂದು ಮೊದಲ ಪಾಠದಲ್ಲೇ ಹೇಳಿಕೊಟ್ಟಿರುತ್ತಾರೆ. ನಾನು ಹಾಸ್ಟೆಲಿನ ಮಂಚದ ಮೇಲೆ ಕೂತು, ರೊಟ್ಟಿ ತಿಂದ ಕೈ ಒರೆಸಿಕೊಂಡು, ನನ್ನ ಸಹಿ ಹಾಕಿದೆ.

ನೀರು ತಿಳಿಯಾಗಿತ್ತು. ಬಾಟಲಿಯನ್ನು ಬೆಳಕಿಗೆ ಹಿಡಿದರೆ ಆಚೆಯ ಗೋಡೆ ಕಾಣುತ್ತಿತ್ತು. ಆ ಬಾವಿಯ ನೀರಲ್ಲಿ ಸ್ನಾನ ಮಾಡಿ ಬೆಳೆದವಳಿಗೆ ಅನುಮಾನ ಬರಲು ಅಷ್ಟು ಸಾಕಾಗಬೇಕಿತ್ತು, ಆದರೆ ನಾನು ಕಾರಣ ಹುಡುಕಿದೆ. ಹಿಂದಿನ ಮಳೆಯ ನೀರು ಸೇರಿರಬೇಕು, ಕೆಸರು ತಳಕ್ಕೆ ಕೂತಿರಬೇಕು ಎಂದು ವರದಿಯಲ್ಲಿ ಒಂದು ಪುಟ ಬರೆದೆ. ಓದಿದವರಿಗೆ ಕಾರಣಕ್ಕೇನು ಬರ! ಪರೀಕ್ಷೆಯ ಅಂಕಿಗಳೆಲ್ಲ ಚಂದ ಬಂದವು. ಸರ್ ಬಹಳ ಖುಷಿಯಾದರು. ಇಷ್ಟು ಖುಷಿ ಯಾಕೆಂದು ಆಗ ನನಗೆ ಹೊಳೆಯಲಿಲ್ಲ. ಒಂದು ದಿನ ಕರೆದು, "ಕಾರ್ಖಾನೆಯವರು ನಿನ್ನ ವರದಿ ಕೇಳಿದ್ರು, ಕೊಟ್ಟೀನಿ. ಅಹವಾಲು ಸಭಾದಾಗ ಓದತಾರಂತ ನೋಡು" ಎಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಕ್ಷಣ ನಾನು ಉಬ್ಬಿದೆ. ನೀರು ಸ್ವಚ್ಛ ಎನ್ನುವ ವರದಿ ಬಾವಿಗೇ ಮುಳುವು ಎಂದು ಆಮೇಲೆ ಹೊಳೆಯಿತು.

ಸಭೆಯ ಹಿಂದಿನ ದಿನ ಊರಿಗೆ ಹೋದೆ. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಹಿತ್ತಲಲ್ಲಿ ನಿಂತಿದ್ದೆ. ಅವ್ವ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಒದ್ದೆ ಕೂದಲಲ್ಲೇ ತಲೆಯ ಮೇಲೆ ಕೊಡ ಹೊತ್ತು ಬಂದಳು. ಲಿಂಗಪೂಜೆಗೆ ಅವಳು ಮೇಲಿನ ಹೊಲದ ಸಿಹಿನೀರ ಬಾವಿಯಿಂದ ಒಂದು ಕೊಡ ತರುತ್ತಾಳೆ. ಆ ಬಾವಿ ದೂರ, ನೀರೂ ಕಡಿಮೆ, ಊರಿಗೆಲ್ಲ ಸಾಲುವುದಿಲ್ಲ. ಬಿಳಿ ಅರಿವೆಯನ್ನು ನಾಲ್ಕು ಮಡಿಕೆ ಮಾಡಿ ತಾಮ್ರದ ಬಿಂದಿಗೆಗೆ ನೀರು ಸೋಸಿದಳು. ಆಮೇಲೆ ಗೂಡಿನಿಂದ ನನ್ನ ಪ್ಲಾಸ್ಟಿಕ್ ಬಾಟಲಿ ತೆಗೆದು ಅದಕ್ಕೂ ಅದೇ ನೀರು ಸುರಿಯತೊಡಗಿದಳು.

"ಅವ್ವಾ, ಏನ ಮಾಡಾಕತ್ತಿ?"

"ಇವತ್ತ ಸೋಮವಾರ ಅಲ್ಲೇನು? ಮತ್ತ ಬೇಕಾದೀತಂತ ಸಾಲಿ ನೀರು ತುಂಬಾಕತ್ತೀನಿ, ನೀ ಹೋಗುವಾಗ ಒಯ್ಯಿ."

"ಇದನ್ನs ಕಳಸ್ತಿದ್ದೇನು? ನಾ ಹೇಳಿದ್ದು ಹಳ್ಳದ ಬಾವಿ ನೀರು!"

ಅವ್ವ ನನ್ನನ್ನೇ ಹುಚ್ಚಿಯನ್ನು ನೋಡಿದಂತೆ ನೋಡಿದಳು. "ಏ ಯವ್ವಾ, ವಿದ್ಯಾದ ಕೆಲಸಕ್ಕ ಆ ಹೊಲಸು ನೀರು ಕಳಸಾಕ ಬರ್ತೈತೇನು? ದೊಡ್ಡ ದೊಡ್ಡ ಮಾಸ್ತರು ನೋಡತಾರ. ಇವರ ಊರಾಗ ಇಂಥಾ ನೀರೇನು ಅಂತ ನಿನ್ನ ಹಿಂದ ನಗಬಾರದಲ್ಲ. ಅದಕ್ಕ ಪೂಜಾದ ನೀರs ಕಳಿಸೀನಿ. ಒಂದು ವಾರ ತಪ್ಪಿಸಿಲ್ಲ."

ನಾನು ಬಾಯಿಗೆ ಬಂದಂತೆ ಕೂಗಾಡಿದೆ. ನಿನಗೆ ಬುದ್ಧಿ ಇದೆಯೇ ಎಂದೆ, ನನ್ನ ಓದು ಮಣ್ಣುಗೂಡಿಸಿದೆ ಎಂದೆ. ಹಿತ್ತಲ ಬಾಗಿಲಿಗೆ ಓಣಿಯ ಹೆಂಗಸರು ಬಂದು ನಿಂತರು. ಅವ್ವ ಬಾಟಲಿಯ ಮುಚ್ಚಳ ಹಾಕಿ ಕಟ್ಟೆಯ ಮೇಲೆ ಕುಳಿತಳು. "ನೀರು ಅಂದಿ. ಛಲೋ ನೀರು ಕಳಿಸಿದ್ನಿ. ಯಾಕಂತ ನೀ ಎಲ್ಲಿ ಹೇಳಿದಿ?" ಎಂದಳು.

ಹೇಳಿರಲಿಲ್ಲ. ಹೇಳಿದರೆ ಅವ್ವನಿಗೇನು ತಿಳಿಯುತ್ತದೆ ಎಂದುಕೊಂಡಿದ್ದೆ. ಎರಡು ವರ್ಷ ಓದಿದ ಪರಿಸರವನ್ನು ಒಂದು ಸಲವೂ ನಮ್ಮ ಅಡಿಗೆಮನೆಯಲ್ಲಿ ಕೂತು ಹೇಳಿರಲಿಲ್ಲ.

ಸರ್‌ಗೆ ಫೋನ್ ಹಚ್ಚಿದೆ. ನಡೆದದ್ದನ್ನೆಲ್ಲ ಕೇಳಿ ಅವರು ನಕ್ಕರು. ಹೌದು, ನಕ್ಕರು! ನಗು ಮುಗಿದ ಮೇಲೆ, "ಫಾರ್ಮ್ ಮ್ಯಾಲ ಸಹಿ ಯಾರದೈತಿ?" ಎಂದು ಕೇಳಿದರು.

"ನಂದರಿ ಸರ್."

"ಹಂಗಾರ ಬಾಯಿ ಮುಚ್ಚಿಕೊಂಡಿರವಾ. ಸುಳ್ಳು ಸಹಿ ಅಂತ ನೀನs ಹೇಳಿದಿ ಅಂದ್ರ ಪ್ರಾಜೆಕ್ಟ್ ರದ್ದು, ಒಂದು ವರ್ಷ ಹೋತು. ಅಪ್ಪಾ ಅವ್ವಾ ಕಷ್ಟಪಟ್ಟು ಓದಸಾಕತ್ತಾರ, ವಿಚಾರ ಮಾಡು."

ಥೂ, ಎಂಥ ಕಾಳಜಿ! ನಮ್ಮ ಅಪ್ಪ ಅವ್ವನ ನೆನಪು ಅವರಿಗೆ ಬಂದದ್ದು ಅದೇ ಮೊದಲು, ಅದೇ ಕೊನೆ.

ಸಭೆ ಸಾಲೆಯ ಬಯಲಲ್ಲಿ. ಪೆಂಡಾಲು, ಕುರ್ಚಿ, ಬಂದವರಿಗೆಲ್ಲ ಕಾರ್ಖಾನೆಯ ಖರ್ಚಿನಲ್ಲಿ ಉಪ್ಪಿಟ್ಟು ಶಿರಾ. ನಮ್ಮವರು ತಿಂದು ಬಾಯಿ ಒರೆಸಿಕೊಂಡು ಕುಳಿತಿದ್ದರು. ಅದನ್ನು ನೋಡಿಯೂ ನನಗೆ ಸಿಟ್ಟು ಬಂತು. ಕಾರ್ಖಾನೆಯ ಪರವಾಗಿ ಒಬ್ಬ ಮೈಕ್ ಹಿಡಿದು ನಿಂತ. "ಹೊರಗಿನವರ ಮಾತು ಬ್ಯಾಡ್ರಿ. ನಿಮ್ಮ ಊರ ಮಗಳು, ವಿಶ್ವವಿದ್ಯಾಲಯದಾಗ ಓದಾಕಿ, ತಾನs ಬಾವಿಗೆ ಹೋಗಿ ನೀರು ತಗೊಂಡು ಪರೀಕ್ಷಾ ಮಾಡ್ಯಾಳ. ನೀರು ಸ್ವಚ್ಛ ಐತಿ ಅಂತ ಆಕಿನs ಬರದಾಳ" ಎಂದ. ಚಪ್ಪಾಳೆ ಬಿದ್ದವು. ಅಪ್ಪನೂ ಚಪ್ಪಾಳೆ ತಟ್ಟಿದ.

ನಾನು ಎದ್ದು ನಿಂತೆ. "ಆ ಸಹಿ ನಂದು. ಆದ್ರ ನಾ ಬಾವೀಗೆ ಹೋಗಿಲ್ಲ. ಸುಳ್ಳು ಸಹಿ ಮಾಡೀನಿ. ಆ ನೀರು ಈ ಬಾವೀದಲ್ಲ" ಎಂದೆ.

ಮೈಕಿನವನು ಸಭೆ ನಡೆಸಲು ಬಂದಿದ್ದ ಸರಕಾರಿ ಅಧಿಕಾರಿಯ ಕಡೆ ತಿರುಗಿ ನಕ್ಕ. "ನೋಡ್ರಿ ಸಾಹೇಬ್ರ, ಅವಾಗ ಸುಳ್ಳು ಬರದೀನಿ ಅಂತಾಳ. ಈಗ ಹೇಳೂದು ಖರೇ ಅಂತ ಹೆಂಗ ನಂಬೂದ್ರಿ?" ಮುಂದಿನ ಸಾಲಿನವರೂ ನಕ್ಕರು.

ಆಗ ಹೆಂಗಸರ ಕಡೆಯಿಂದ ಅವ್ವ ಎದ್ದಳು. ಬೆಳಿಗ್ಗೆ ನನ್ನಿಂದ ಅಷ್ಟು ಬೈಸಿಕೊಂಡವಳು, ನಾಲ್ಕು ಜನರ ಮುಂದೆ ಎಂದೂ ಬಾಯಿ ತೆರೆಯದವಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಅಧಿಕಾರಿಗೆ ಹೇಳಿದಳು. "ನೀರು ಕಳಿಸಿದಾಕಿ ನಾನ್ರಿ. ಅದು ಪೂಜಾದ ನೀರ್ರಿ, ಮ್ಯಾಲಿನ ಬಾವೀದು. ಹಳ್ಳದ ಬಾವಿ ನೀರು ದೇವರ ಮ್ಯಾಲ ಹಾಕಾಕ ನನಗ ಕೈ ಬರೂದಿಲ್ರಿ." ಆಮೇಲೆ ಊರವರ ಕಡೆ ತಿರುಗಿದಳು. "ನಿಮ್ಮ ಪೈಕಿ ಯಾರ ಮನ್ಯಾಗ ಆ ನೀರಿಲೆ ಪೂಜಾ ಮಾಡತೀರಿ? ಕೈ ಎತ್ತರಿ ನೋಡೂಣು."

ಒಂದು ಕೈಯೂ ಮೇಲೇಳಲಿಲ್ಲ. ಚಪ್ಪಾಳೆ ತಟ್ಟಿದವರು, ಶಿರಾ ತಿಂದವರು, ಕಾರ್ಖಾನೆಯಲ್ಲೇ ಕೆಲಸಕ್ಕಿದ್ದವರು, ಎಲ್ಲರೂ ನೆಲ ನೋಡಿದರು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಬ್ಬ ಮುದುಕ, "ಎತ್ತಿಗೂ ಹಾಕಾಕ ಮನಸ್ಸಾಗೂದಿಲ್ಲ ತಂಗಿ" ಎಂದ. ಅಲ್ಲಿಂದ ಗದ್ದಲ ಶುರುವಾಯಿತು. ಅಧಿಕಾರಿ ನನ್ನ ವರದಿಯನ್ನು ಕೈಬಿಟ್ಟು, ಸರಿಯಾದ ಕ್ರಮದಲ್ಲಿ ಹೊಸದಾಗಿ ಪರೀಕ್ಷೆಯಾಗಿ ಬರುವವರೆಗೆ ಸಭೆ ಮುಂದಕ್ಕೆ ಹಾಕಿದ್ದೇನೆ ಎಂದು ಬರೆಸಿದರು.

ಸರ್ ಹೇಳಿದಂತೆಯೇ ಆಯಿತು. ಪ್ರಾಜೆಕ್ಟ್ ರದ್ದು, ಒಂದು ವರ್ಷ ಹೋಯಿತು. ಅದಕ್ಕೆ ನನ್ನ ತಕರಾರಿಲ್ಲ, ಮಾಡಿದ್ದು ತಪ್ಪೇ. ಆದರೆ ಸಹಿ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳದೆ, ಬಾವಿ ನೋಡದೆ, ನನ್ನ ಹನ್ನೆರಡೂ ಫಾರ್ಮಿಗೆ ತಮ್ಮ ಸಹಿ ಹಾಕಿದ ಸರ್‌ಗೆ ಏನೂ ಆಗಲಿಲ್ಲ. ಈ ವರ್ಷವೂ ಹೊಸ ಮಕ್ಕಳನ್ನು ಕಿತ್ತೂರಿಗೆ ಕರೆದುಕೊಂಡು ಹೋಗಿದ್ದರಂತೆ. ಗುಣಿಸಿರುತ್ತಾರೆ.

ಈ ಹಂಗಾಮಿಗೆ ಬೇರೆ ಗೈಡ್ ಸಿಕ್ಕರು. ಮೊದಲ ಸೋಮವಾರ ನಾನೇ ಊರಿಗೆ ಹೋಗಿ ಹಳ್ಳದ ಬಾವಿಗೆ ಬಕೆಟ್ ಇಳಿಸಿದೆ. ಅವ್ವ ಮೂಗಿಗೆ ಸೆರಗು ಹಿಡಿದುಕೊಂಡೇ ಬಾಟಲಿ ತುಂಬಿದಳು. ಈ ಸಲ ಎಲ್ಲ ಬಿಡಿಸಿ ಹೇಳಿದ್ದೆ, ನೀರಿನಲ್ಲಿ ಏನು ನೋಡುತ್ತೇವೆ, ಯಾಕೆ ಸೋಸಬಾರದು ಎಂದು. ಕಟ್ಟೆಯ ಮೇಲೆ ಫಾರ್ಮು ಇಟ್ಟು ತುಂಬುತ್ತಿದ್ದೆ. ಪ್ರತಿ ಸಾಲು ಏನೆಂದು ಕೇಳಿದಳು, ಓದಿ ಹೇಳಿದೆ. "ಮಾದರಿ ಸಂಗ್ರಹಿಸಿದವರು" ಎಂಬ ಸಾಲಿಗೆ ಬಂದಾಗ ಅವ್ವ ತಡೆದಳು.

"ಅಂದ್ರ ನೀರು ತಂದಾಕಿ ಹೆಸರೇನು?"

"ಹೂಂ."

"ಹೋದ ವರ್ಷದ ಹನ್ನೆರಡು ಹಾಳಿ ಮ್ಯಾಲ ಅಲ್ಲಿ ಯಾರ ಹೆಸರು ಬರದಿದ್ದಿ?"

"ನಂದು."

"ಹನ್ನೆರಡು ವಾರ ಮ್ಯಾಲಿನ ಬಾವೀತನಾ ನಡದಾಕಿ ನಾನು" ಎಂದಳು ಅವ್ವ. ದನಿ ಏರಿರಲಿಲ್ಲ. ನನ್ನ ಸಿಟ್ಟು ಯಾರ ಕಡೆಯಿಂದ ಬಂದದ್ದು ಎಂದು ಅವತ್ತು ನನಗೆ ಗೊತ್ತಾಯಿತು.

ಪೆನ್ನು ಅವಳ ಕೈಗೆ ಕೊಟ್ಟೆ. ನಾಲ್ಕನೆಯ ಇಯತ್ತೆಯವರೆಗೆ ಓದಿದವಳು, ಒಂದೊಂದೇ ಅಕ್ಷರ ಒತ್ತಿ ತನ್ನ ಹೆಸರು ಬರೆದು, ಆ ಸಾಲು ತುಂಬಿಸಿದಳು. ನಾನು ಅದರ ಕೆಳಗೆ ಸಹಿ ಹಾಕಿದೆ.