ಯಾವ ಇಂದಿಯವರು?

ದುದ್ದದ ಹೈಸ್ಕೂಲಿನಲ್ಲಿ ನಾನು ಹಿಂದಿ ಟೀಚರು. ಮನೆ ಮಂಡ್ಯದಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬಹಳ ವರ್ಷ ನನ್ನ ಹಿಂದಿ ಕರಿಹಲಗೆ ದಾಟಿ ಎಲ್ಲೂ ಹೋಗಿರಲಿಲ್ಲ. ಲಿಂಗ, ವಚನ, ಕಾಲ ಅಂತ ಬರೆದು ಅಳಿಸುವುದು, ಮಕ್ಕಳು ಪಾಸಾಗುವಷ್ಟು ಬಾಯಿಪಾಠ ಮಾಡಿಸುವುದು, ಅಷ್ಟೆ. ಆ ಭಾಷೆಯಲ್ಲಿ ಜನ ಅಳುತ್ತಾರೆ, ಬೈದಾಡುತ್ತಾರೆ ಎಂದು ಗೊತ್ತಿತ್ತೇ ಹೊರತು ಕಿವಿಯಾರೆ ಕೇಳಿದ್ದು ಕಮ್ಮಿ.

ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ಗಣಿತದ ಮೇಷ್ಟ್ರು ಅಂದರು, "ಎಲ್ ನೋಡುದ್ರೂ ಇಂದಿಯವ್ರೇ ಕಣ್ ಮೇಡಂ. ಬತ್ತಾರೆ, ಬಾಚ್ಕತಾರೆ, ಓಯ್ತಾರೆ. ನಮ್ ಐಕ್ಳು ಬಾಯ್ ಬುಟ್ಕಂಡು ನೋಡ್ತಾ ಕೂತವೆ."

"ಯಾವ ಇಂದಿಯವ್ರು ಸಾರ್?" ಅಂದೆ.

"ಯಾವ್ರಾದ್ರೇನು, ಎಲ್ಲಾ ಒಂದೇ ಬುಡಿ."

ಅವರು ಮುದ್ದೆ ಮುರಿದು ಊಟಕ್ಕೆ ಕೂತರು. ನನಗೆ ಗೊತ್ತಿದ್ದ ಇಂದಿಯವರು ಎರಡು ಥರದವರು. ಅವರಿಬ್ಬರನ್ನೂ ಒಂದೇ ಅನ್ನುವುದು ಹೇಗೆ ಅಂತ ಅವತ್ತು ಹಿಡಿದ ಯೋಚನೆ ಇವತ್ತಿಗೂ ಬಿಟ್ಟಿಲ್ಲ.

ಒಬ್ಬರು ನಮ್ಮ ಬೀದಿ ಮೂಲೆಯ ಸೇಟು. ಪೈಪು, ನಲ್ಲಿ, ಬಣ್ಣದ ಅಂಗಡಿ, ಅದರ ಮೇಲೆ ಮನೆ. ಮೂಲ ರಾಜಸ್ಥಾನ. ಅವರಪ್ಪ ಮೀಸೆ ಮೂಡುವ ಮೊದಲೇ ಮದ್ದೂರಿನಲ್ಲಿದ್ದ ಸೋದರಮಾವನ ಅಂಗಡಿಗೆ ಕೆಲಸಕ್ಕೆ ಬಂದು, ಬಣ್ಣದ ಡಬ್ಬಗಳ ಸಂದಿಯಲ್ಲಿ ಮಲಗಿ ಬೆಳೆದವರಂತೆ. ಮಾವನೇ ಕೈಹಿಡಿದು ಬೇರೆ ಅಂಗಡಿ ಹಾಕಿಸಿಕೊಟ್ಟರು. ಈಗ ಮಂಡ್ಯದ್ದು ಈ ಸೇಟುದು, ಮದ್ದೂರಿನದು ಅಣ್ಣನದು, ಮಳವಳ್ಳಿಯದು ತಮ್ಮನದು. ಸೇಟು ಓದಿದ್ದು ಮದ್ದೂರಿನ ಸರ್ಕಾರಿ ಶಾಲೆಯಲ್ಲಿ. ಗಿರಾಕಿಗಳ ಜೊತೆ "ಏನಣ್ಣೋ, ಅರ್ಧ ಇಂಚಾ, ಮುಕ್ಕಾಲಿಂಚಾ?" ಅಂತ ನಮ್ಮವರಿಗಿಂತ ಜೋರಾಗಿ ಮಾತಾಡುತ್ತಾರೆ. ನನ್ನನ್ನು ಕರೆಯುವುದು ಅಕ್ಕ ಅಂತ.

ಇನ್ನೊಬ್ಬರು ಕೆರಗೋಡಿನ ಹತ್ತಿರ ನಮ್ಮಣ್ಣನ ಆಲೆಮನೆಯಲ್ಲಿ ಕೆಲಸಕ್ಕಿದ್ದವರು. ಬೆಲ್ಲ ಕಾಯಿಸುವ ಒಲೆಯ ಮುಂದೆ ಬೇಯುವುದಕ್ಕೆ ಊರಿನ ಗಂಡಸರು ಒಲ್ಲೆ ಅಂದ ಮೇಲೆ ಉತ್ತರಪ್ರದೇಶದಿಂದ ಜನ ಬರತೊಡಗಿದರು. ಮೇಸ್ತ್ರಿಯೊಬ್ಬ ಗುಂಪಾಗಿ ಕರೆತಂದು, ಈ ಆಲೆಮನೆಗೆ ಇಷ್ಟು ಜನ, ಆ ಆಲೆಮನೆಗೆ ಅಷ್ಟು ಜನ ಅಂತ ಹಂಚಿ ಹೋಗುತ್ತಾನೆ. ಅಣ್ಣನ ಆಲೆಮನೆಯಲ್ಲಿ ಗಂಡ, ಹೆಂಡತಿ, ಆರೇಳು ವರ್ಷದ ಮಗಳು ಇದ್ದರು. ಅವನು ಗಾಣಕ್ಕೆ ಕಬ್ಬು ಕೊಡುತ್ತಿದ್ದ. ಅವಳು ರಸ ಹಿಂಡಿದ ಸಿಪ್ಪೆಯನ್ನು ಬಯಲಿಗೆ ಹರವಿ ಒಣಗಿಸಿ ಒಲೆಗೆ ಹೊರುತ್ತಿದ್ದಳು. ತಗಡಿನ ಮಾಡಿನ ಕೆಳಗೆ ಮೂರು ಇಟ್ಟಿಗೆಯ ಒಲೆ, ಹಗ್ಗದ ಮೇಲೆ ಬಟ್ಟೆ. ನಾನು ಮೊದಲ ಸಲ ನನ್ನ ಪುಸ್ತಕದ ಹಿಂದಿಯಲ್ಲಿ ಯೋಗಕ್ಷೇಮ ಕೇಳಿದಾಗ ಅವಳು ಸೆರಗಲ್ಲಿ ಬಾಯಿ ಮುಚ್ಚಿ ನಕ್ಕಳು. "ದೀದಿ, ನೀವು ರೇಡಿಯೋದವರ ಥರ ಮಾತಾಡ್ತೀರಿ" ಅಂದಳು.

ಮೇಷ್ಟ್ರ ಮಾತು ಕೇಳಿದ ಮೇಲೆ ಈ ಎರಡು ಮನೆಗಳನ್ನು ತೂಗಿ ನೋಡುವುದು ನನಗೊಂದು ಗೀಳಾಯಿತು. ಬಸ್ಸಿನಲ್ಲಿ ಕೂತರೆ ಅದೇ. ಸೇಟು ಮನೆಯಲ್ಲಿ ಪುಲ್ಕದ ಮೇಲೆ ತುಪ್ಪ. ಆಲೆಮನೆಯಲ್ಲಿ ದಪ್ಪ ರೊಟ್ಟಿ, ಆಲೂಗಡ್ಡೆ, ಹಸಿಮೆಣಸು. ಸರಿ, ಯಾರು ಚೆನ್ನಾಗಿದ್ದಾರೆ ಅನ್ನುವುದು ಅಲ್ಲಿಗೆ ತೀರ್ಮಾನ ಆಯಿತಲ್ಲ ಅಂದುಕೊಳ್ಳುತ್ತಿದ್ದೆ. ಆದರೆ ಸೇಟು ಹೆಂಡತಿ ಒಮ್ಮೆ ಊರಿನ ಮನೆಯ ಫೋಟೊ ತೋರಿಸಿದರು. ಅಮೃತಶಿಲೆ ನೆಲದ ಮೂರಂತಸ್ತು, ವರ್ಷಕ್ಕೊಮ್ಮೆ ಬಾಗಿಲು ತೆಗೆಯುತ್ತಾರಂತೆ. ಇಲ್ಲಿ ಅವರೆಲ್ಲ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಒತ್ತಿಕೊಂಡು ಮಲಗುತ್ತಾರೆ. ಅದೇ ವಾರ ಆಲೆಮನೆಯ ಹೆಣ್ಣುಮಗಳೂ ಒಡೆದ ಫೋನಿನಲ್ಲಿ ಮನೆ ತೋರಿಸಿದಳು. ಕಿಟಕಿಯ ಮಟ್ಟದವರೆಗೆ ಎದ್ದ ಗೋಡೆ, ಮೇಲೆ ಆಕಾಶ. "ಈ ಸಲ ಮಾಡು ಹಾಕಿಸ್ತೀವಿ" ಅಂದಳು. ಹೋದ ಸಲವೂ ಹಾಗೇ ಅಂದಿದ್ದಳು. ಇಬ್ಬರ ಮನೆಯೂ ದೂರದಲ್ಲಿ, ಇಬ್ಬರೂ ಅದರಲ್ಲಿಲ್ಲ. ಹಾಗಾದರೆ ಚೆನ್ನಾಗಿರುವುದು ಅಂದರೆ ಏನು? ದುದ್ದ ಬಂದು ಕಂಡಕ್ಟರು "ಇಳೀರಮ್ಮೋ" ಅನ್ನುವವರೆಗೆ ಕಿಟಕಿಯ ಹೊರಗೆ ಏನು ಹೋಯಿತೋ ನನಗೆ ತಿಳಿಯುತ್ತಿರಲಿಲ್ಲ.

ಆ ಬೇಸಿಗೆ ಸೇಟು ಅಪ್ಪನಿಗೆ ಎದೆನೋವು ಬಂತು. ನೋಡಲು ಆಸ್ಪತ್ರೆಗೆ ಹೋದರೆ ವರಾಂಡದಲ್ಲಿ ಕಾಲಿಡಲು ಜಾಗವಿಲ್ಲ. ಮದ್ದೂರು, ಮಳವಳ್ಳಿ, ಮೈಸೂರಿನಿಂದೆಲ್ಲ ಅವರ ಜನ ಬಂದು ನಿಂತಿದ್ದಾರೆ. ಒಬ್ಬರು ಡಾಕ್ಟರ ಜೊತೆ ಮಾತಾಡುತ್ತಿದ್ದಾರೆ, ಒಬ್ಬರು ಊಟದ ಕ್ಯಾರಿಯರು ಹಿಡಿದಿದ್ದಾರೆ, ಇನ್ಯಾರೋ ಸೇಟು ಅಂಗಡಿಯ ಶಟರು ತೆಗೆದು ವ್ಯಾಪಾರಕ್ಕೆ ಕೂತಿದ್ದಾರೆ. ಮುದುಕರು ಉಳಿದರು. ಮನೆಗೆ ಬಂದು ಮಂಚ ಹಿಡಿದರು.

ಮಳೆ ಶುರುವಾದ ಮೇಲೆ ಒಂದು ಬೆಳಿಗ್ಗೆ ನಾನು ಎಂಟನೇ ಕ್ಲಾಸಿಗೆ ಪಾಠ ಮಾಡುತ್ತಿದ್ದಾಗ ಅಣ್ಣನ ಫೋನು. "ಬೇಗ ದೊಡ್ಡಾಸ್ಪತ್ರೆಗೆ ಬಾರವ್ವ. ಗಾಣಕ್ಕೆ ಕೈ ಕೊಟ್ಬುಟ್ಟವ್ನೆ. ಅವ್ನ್ ಏನ್ ಏಳ್ತಾನೋ ಡಾಕ್ಟ್ರಿಗ್ ಗೊತ್ತಾಯ್ತಿಲ್ಲ, ಇವ್ರ್ ಏಳಾದು ಅವ್ನಿಗ್ ಗೊತ್ತಾಯ್ತಿಲ್ಲ."

ಸಿಕ್ಕ ಆಟೊ ಹತ್ತಿ ಹೋದೆ. ಅದೇ ಊರಿನ ಇನ್ನೊಂದು ವರಾಂಡ. ಅಲ್ಲಿ ಅಣ್ಣ, ಅವಳು, ಅವಳ ಸೊಂಟ ಹಿಡಿದು ನಿಂತ ಮಗು. ಮತ್ತೆ ಯಾರೂ ಇಲ್ಲ. ಮೇಸ್ತ್ರಿಗೆ ಅಣ್ಣ ಫೋನು ಮಾಡಿ ಮಾಡಿ ಸಾಕಾಗಿದ್ದ. ಡಾಕ್ಟರು ನನ್ನನ್ನು ಒಳಗೆ ಕರೆದು, ಬಲಗೈಯ ಮೂರು ಬೆರಳು ಉಳಿಯುವುದಿಲ್ಲ, ಅದನ್ನು ಅವನಿಗೆ ಹೇಳಿ ಅಂದರು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಹಿಂದಿಯಲ್ಲಿ ಬೆರಳು ಸ್ತ್ರೀಲಿಂಗ. ಬಾಯಿ ತೆರೆಯುವ ಮೊದಲು ನನಗೆ ನೆನಪಾದದ್ದು ಅದು. ವಾಕ್ಯದಲ್ಲಿ ಒಂದು ತಪ್ಪೂ ಇಲ್ಲದೆ ಹೇಳಿದೆ. ಅವನು "ಎಡಗೈ ಇದೆಯಲ್ಲ" ಅಂತ ಮಾತ್ರ ಅಂದ. ಹೊರಗೆ ಬಂದು ಅವಳಿಗೂ ಅದೇ ವಾಕ್ಯ ಹೇಳಿದೆ.

ಆಸ್ಪತ್ರೆಯ ಖರ್ಚನ್ನೆಲ್ಲ ಅಣ್ಣನೇ ನೋಡಿಕೊಂಡ. ಗಾಯ ಮಾಯತೊಡಗಿದಾಗ, ನಾನು ಆಲೆಮನೆಗೆ ಹೋಗಿದ್ದ ದಿನ, ಅವರನ್ನು ಊರಿನ ರೈಲು ಹತ್ತಿಸುತ್ತೇನೆ ಅಂದ.

"ಅಲ್ಲೋಗಿ ಏನ್ ಮಾಡ್ತಾರೆ?" ಅಂದೆ.

"ನಂಗೇನ್ ಗೊತ್ತವ್ವ? ಒಂದ್ ಕೈಲಿ ಗಾಣ ನಡ್ಸಕಾದದಾ? ಸಾಯೋಗಂಟ ಸಾಕು ಅಂತೀಯಾ?"

"ಗಾಣಕ್ಕೆ ಒಂದು ಅಡ್ಡತಗಡು ಆಕ್ಸಿದ್ರೆ ಅವನ ಕೈ ಓಯ್ತಿತ್ತಾ?"

ಅಣ್ಣ ಎದ್ದು ಬೆಲ್ಲದ ಕೊಪ್ಪರಿಗೆ ಕಡೆ ಹೋದ. ಅತ್ತಿಗೆ ನನಗೆ ಕಾಫಿ ತಂದವರು ಲೋಟ ಕುಕ್ಕಿ ಒಳಗೆ ಹೋದರು.

ನನಗೆ ತೋಚಿದ್ದು ಸೇಟು. ಒಂದೇ ಭಾಷೆಯವರು, ಅವರೂ ಬರಿಗೈಲಿ ಬಂದವರ ಮಕ್ಕಳು, ಕರುಳು ಚುರುಕ್ ಅನ್ನಬಹುದು ಅಂತ ನನ್ನ ಲೆಕ್ಕ. ಅಂಗಡಿಗೆ ಹೋಗಿ ವಿಷಯ ಹೇಳಿದೆ. ಸೇಟು ನಲ್ಲಿಯೊಂದನ್ನು ಒರೆಸುತ್ತಾ, "ಬ್ಯಾಡ ಬುಡಕ್ಕ, ಇಂದಿಯವ್ರನ್ನ ನಂಬಕಾಗಲ್ಲ" ಅಂದರು.

ನನಗೆ ನಗು ಬಂತೋ ಸಿಟ್ಟು ಬಂತೋ. "ಹಂಗಾದ್ರೆ ನೀವ್ಯಾರು ಸೇಟು?"

"ನಾವು ಮದ್ದೂರ್ನೋರು ಕಣಕ್ಕ" ಅಂದರು. ತಮಾಷೆಗೆ ಅಂದದ್ದಲ್ಲ. "ನಮ್ಮಂಗ್ಡೀಗೆ ನಮ್ ಊರ್ ಕಡೆ ಹುಡುಗ್ರೇ ಬರಾದು. ಅವ್ರಪ್ಪ ಅಮ್ಮ ನಮಗ್ಗೊತ್ತು. ಇವ್ನ್ ಯಾರೋ ಏನೋ."

ಅಷ್ಟರಲ್ಲಿ ಮೇಲಿನಿಂದ ಮುದುಕರು ಯಾರದು ಅಂತ ಕೇಳಿದರು. ನಾನೇ ಹತ್ತಿ ಹೋಗಿ ಹೇಳಿದೆ. ಅವರನ್ನು ಕರೆದುಕೊಂಡು ಬಾ, ನೋಡುತ್ತೇನೆ ಅಂದರು.

ಮುಂದಿನ ಭಾನುವಾರ ಅವಳನ್ನೂ ಮಗಳನ್ನೂ ಕರೆದುಕೊಂಡು ಹೋದೆ. ಅವನು ಕೈಗೆ ಬಟ್ಟೆ ಸುತ್ತಿಕೊಂಡು ಹಿಂದೆ ಬಂದ. ನಾನು ಮಾತು ದಾಟಿಸಲು ಸಿದ್ಧವಾಗಿ ಕೂತೆ. ಯಾರಿಗೂ ನನ್ನ ಅಗತ್ಯವೇ ಬೀಳಲಿಲ್ಲ. ಸೇಟು ತಾಯಿ ನೇರವಾಗಿ ಅವಳನ್ನು ಕೇಳಿದ ಮೊದಲ ಮಾತೇ, ನೀವು ಯಾವ ಜಾತಿ ಅಂತ. ಅವಳು ಹೇಳಿದಳು, ದನಿ ತಗ್ಗಿಸದೆ. ಆಮೇಲೆ ಟೀ ಬಂತು. ನನಗೆ ಸ್ಟೀಲ್ ಲೋಟದಲ್ಲಿ, ಅವರಿಗೆ ಕಾಗದದ ಲೋಟದಲ್ಲಿ. ನಮ್ಮ ಹಳ್ಳಿಗಳಲ್ಲಿ ಇದನ್ನು ನೋಡದೆ ಬೆಳೆದವಳೇನಲ್ಲ ನಾನು. ಆದರೂ ಆ ಸ್ಟೀಲ್ ಲೋಟ ನನ್ನ ಕೈ ಸುಟ್ಟಿತು.

ಮುದುಕರು ಮಂಚದ ಮೇಲಿಂದಲೇ ಅವನನ್ನು ಕೇಳಿದರು, "ಮೊದಲ ಸಲ ಬಂದಾಗ ಸ್ಟೇಷನ್ನಿಗೆ ಯಾರು ಬಂದಿದ್ದರು?"

"ಮೇಸ್ತ್ರಿಯ ಕಡೆಯವನು. ನಮ್ಮನ್ನು ಎಣಿಸಿ ಟೆಂಪೊ ಹತ್ತಿಸಿದ."

"ನಮ್ಮ ಮಾವ ಬಂದಿದ್ದರು" ಅಂದರು ಮುದುಕರು. "ಬಾಳೆಹಣ್ಣು ತಂದಿದ್ದರು. ನನಗೆ ಊರಿನ ನೆನಪಾಗಿ ಅಳು ಬರುತ್ತಿತ್ತು, ಬೈದರು." ಆಮೇಲೆ ಮಗನನ್ನು ಕರೆದು ಕನ್ನಡದಲ್ಲೇ ಹೇಳಿದರು, "ಮಳವಳ್ಳಿ ಗೋಡೌನಿಗೆ ಹಾಕು ಇವನನ್ನ." ಸೇಟು ಗೊಣಗಿದರು, ಒಪ್ಪಿದರು.

ಇಷ್ಟಾದರೂ ನನ್ನ ಮನಸ್ಸಿಗೆ ಸಮಾಧಾನ ಬರಲಿಲ್ಲ. ತಿಂಗಳಿಗೊಮ್ಮೆಯಾದರೂ ಮಳವಳ್ಳಿ ಬಸ್ಸು ಹತ್ತುತ್ತಿದ್ದೆ. ಅವನು ಎಡಗೈಯಲ್ಲಿ ಪೈಪು ಎತ್ತಿಕೊಡುವುದು ಕಲಿತಿದ್ದ. ಹುಡುಗಿ ಸರ್ಕಾರಿ ಶಾಲೆಗೆ ಸೇರಿದ್ದಳು. ಚೆನ್ನಾಗಿದೆಯಲ್ಲ ಅನ್ನಿಸುತ್ತಿತ್ತು. ಆದರೆ ಅದೇ ಗೋಡೌನಿನಲ್ಲಿ ಸೇಟು ಊರಿನ ಹುಡುಗರೂ ಇದ್ದರು. ಅವರಿಗೆ ಊಟ ಒಡೆಯರ ಮನೆಯಿಂದ. ನಾಲ್ಕಾರು ವರ್ಷ ದುಡಿದ ಮೇಲೆ ಅವರವರ ಕಡೆಯವರು ಸೇರಿ ಒಂದೊಂದು ಅಂಗಡಿ ಹಾಕಿಸಿಕೊಡುತ್ತಾರೆ. ಆಗಲೇ ಒಬ್ಬ ಪೂರಿಗಾಲಿ ಕಡೆ ಅಂಗಡಿಗೆ ಜಾಗ ನೋಡಿಕೊಂಡು ಬಂದಿದ್ದ. ಇವನು ಒಂದು ದಿನ ಮಳವಳ್ಳಿಯಲ್ಲಿರುವ ಸೇಟು ತಮ್ಮನ ಮುಂದೆ ನಿಂತು, ನನಗೂ ಹಾಗೆ ಮಾಡಿಕೊಡುತ್ತೀರಾ ಅಂತ ಕೇಳಿದನಂತೆ. ಅಲ್ಲಿದ್ದವರೆಲ್ಲ ನಕ್ಕರಂತೆ. ಕೆಟ್ಟದಾಗಿ ನಗಲಿಲ್ಲ ದೀದಿ, ಮಗು ಏನೋ ಕೇಳಿದಾಗ ನಗುತ್ತಾರಲ್ಲ ಹಾಗೆ, ಅಂದ ಅವನು.

ಆ ನಗುವನ್ನು ಸಹಿಸದವಳು ಅವನ ಹೆಂಡತಿ. ಮಳವಳ್ಳಿಯಲ್ಲಿ ಕಟ್ಟಡಗಳಿಗೆ ಟೈಲ್ಸು ಹಾಕುವ, ಸೆಂಟ್ರಿಂಗ್ ಮಾಡುವ ಉತ್ತರದ ಹುಡುಗರು ಬೇಕಾದಷ್ಟಿದ್ದಾರೆ. ಹೋಟೆಲಿನ ಅನ್ನ ಸಾಂಬಾರು ತಿಂದು ಬೇಸತ್ತವರು. ಬಾಡಿಗೆ ಕೋಣೆಯ ಬಾಗಿಲಲ್ಲೇ ಒಲೆ ಹೂಡಿ ಅವರಿಗೆ ರೊಟ್ಟಿ, ಪಲ್ಯ ಮಾಡಿಕೊಡಲು ಶುರುಮಾಡಿದಳು. ಅವರಲ್ಲಿ ಯಾರೂ ಅವಳ ಜಾತಿ ಕೇಳಲಿಲ್ಲವೋ, ಕೇಳಿದವರು ಬರಲಿಲ್ಲವೋ, ನನಗೆ ಗೊತ್ತಿಲ್ಲ. ಕೆಲವೇ ತಿಂಗಳಲ್ಲಿ ಗಂಡ ಗೋಡೌನು ಬಿಟ್ಟು ಅವಳ ಜೊತೆ ಹಿಟ್ಟು ಕಲಸಲು ನಿಂತ. ಊರಿನಿಂದ ತಮ್ಮನನ್ನು ಕರೆಸಿಕೊಂಡಳು, ಸ್ಟೇಷನ್ನಿಗೆ ತಾನೇ ಹೋಗಿದ್ದಳು. ಇದನ್ನು ನಾನು ಸೇಟು ಅಪ್ಪನಿಗೆ ಹೇಳಿದಾಗ ಅವರು "ಗೋಡೌನ್ ಬಿಟ್ಟದ್ದು ತಪ್ಪು" ಅಂತ ಗದರಿದರು. ಆಮೇಲೆ, ರೊಟ್ಟಿಗೆ ಗಿರಾಕಿ ಎಷ್ಟು ಜನ ಅಂತ ಕೇಳಿದರು.

ಅಣ್ಣನ ಆಲೆಮನೆಗೆ ಬೇರೆ ಗಂಡ ಹೆಂಡತಿ ಬಂದಿದ್ದಾರೆ. ಗಾಣಕ್ಕೆ ಅಡ್ಡತಗಡು ಬಂದಿದೆ. ಅದರ ಬಗ್ಗೆ ಅಣ್ಣನೂ ಮಾತೆತ್ತಿಲ್ಲ, ನಾನೂ ಎತ್ತಿಲ್ಲ.

ಹೋದ ತಿಂಗಳು ಅವಳೇ ಫೋನು ಮಾಡಿದಳು, "ದೀದಿ, ಬನ್ನಿ, ಖಾಲಿ ಮಾಡಿ ಅಂತಿದ್ದಾರೆ." ಹೋದೆ. ಮನೆಯ ಒಡತಿ ಅಂಗಳದಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ನೋಡಮ್ಮ, ನಂಗೇನ್ ಇವರ ಮ್ಯಾಲೆ ದ್ವೇಸ ಇಲ್ಲ. ಬಾಡಿಗೆ ಸರಿಯಾಗ್ ಕೊಡ್ತಾವ್ಳೆ. ಆದ್ರೆ ಬಾಗ್ಲಲ್ಲೇ ವಗೆ, ಮಧ್ಯಾನ ಆದ್ರೆ ಗಂಡೈಕ್ಳ ಸಾಲು. ನನ್ ಸೊಸೆ ಈಚೆ ಬರಂಗಿಲ್ಲ. ಈ ಇಂದಿಯವ್ರಿಗೆ ಮನೆ ಕೊಟ್ಟಿದ್ದೇ ತೆಪ್ಪಾಯ್ತು."

ಅವರ ಮಾತೂ ಸುಳ್ಳಲ್ಲ. ಗೋಡೆಯೆಲ್ಲ ಮಸಿ. ಯಾರ ಪರ ಮಾತಾಡಬೇಕೆಂದು ಹೊಳೆಯದೆ ಇಬ್ಬರ ನಡುವೆ ನಿಂತು ಇತ್ತಿಂದತ್ತ, ಅತ್ತಿಂದಿತ್ತ ಮಾತು ದಾಟಿಸಿದೆ. ಒಂದು ಹಂತದಲ್ಲಿ ಹುಡುಗಿ ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಬಂದವಳು, ಚೀಲ ಇಳಿಸುತ್ತಾ ಒಡತಿಗೆ ತಾನೇ ಹೇಳಿದಳು, "ಅಜ್ಜಿ, ಒಲೇನ ಇತ್ಲಿಗೆ ಆಕಂತೀವಿ ಬುಡಿ. ಅಲ್ಲಿಂದ್ಲೇ ಕೊಡ್ತೀವಿ." ಒಡತಿ ಅವಳನ್ನು ದುರುಗುಟ್ಟಿಕೊಂಡು ನೋಡಿದರು. "ಇತ್ಲಲ್ಲಿ ನನ್ ಸೀಬೆಗಿಡ ಸುಟ್ಟೋದ್ರೆ?" ಅಂದರು. ಗಿಡದಿಂದ ದೂರ ಅಂದೆವು. ಅಡ್ಡಕ್ಕೊಂದು ತಗಡು ಅಂದೆವು. ಕೊನೆಗೆ ಯುಗಾದಿವರೆಗೆ ನೋಡುತ್ತೇನೆ, ಆಮೇಲೂ ಹೊಗೆ ಬಂದರೆ ಒಂದು ದಿನವೂ ಇರಕೂಡದು ಅಂದು ಒಳಗೆ ಹೋದರು.

ಯುಗಾದಿಯವರೆಗೆ ಸೂರು ಇದೆ ಅಂದರೆ ಅದು ಚೆನ್ನಾಗಿರುವುದೋ ಅಲ್ಲವೋ, ಅವಳನ್ನು ಕೇಳೋಣ ಅಂದರೆ ಅವಳಿಗೆ ಪುರುಸೊತ್ತಿರಲಿಲ್ಲ. ಮಧ್ಯಾಹ್ನದ ಹುಡುಗರು ಬರುವ ಹೊತ್ತಾಗಿತ್ತು. ಅವಳು ಹಿಟ್ಟಿನ ಪಾತ್ರೆ ಎತ್ತಿಕೊಂಡಳು, ಅವನು ಹೆಂಚು ಹಿಡಿದ. ನಾನು ಸೀರೆ ಎತ್ತಿಕಟ್ಟಿ ಇನ್ನೂ ಬಿಸಿಯಾಗಿದ್ದ ಒಲೆಯ ಒಂದು ಇಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಹಿತ್ತಲಿಗೆ ಹೊತ್ತೆ.